ಆಟದ ಬೀಗದಕೈ

ಆಂಧ್ರದ ಗಡಿಯ ಹಿಂದೂಪುರ, ಲೇಪಾಕ್ಷಿ, ಮಡಕಶಿರಾ, ಕಲ್ಯಾಣದುರ್ಗದ ಕಡೆ 1990ರ ದಶಕದ ಕೊನೆಯಲ್ಲೂ 2000ದ ಮೊದಲ ವರ್ಷಗಳಲ್ಲೂ ಬೆಳೆದವರಿಗೆ ಕಂಪ್ಯೂಟರ್ ಪರಿಚಯವಾದದ್ದು ಹೆಚ್ಚಾಗಿ ಆಟದಿಂದ. ಟೈಪಿಂಗು, ಲೆಕ್ಕಪತ್ರ, ಇಂಟರ್ನೆಟ್ಟು ಎಲ್ಲ ಆಮೇಲೆ ಬಂದವು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಯಂತ್ರಗಳು ಗೌರಿಬಿದನೂರು ದಾಟಿ ಇತ್ತ ಬರುತ್ತಿದ್ದವು. ಅವುಗಳ ಜೊತೆಗೇ ಮಾರ್ಕರ್ ಪೆನ್ನಿನಲ್ಲಿ ಹೆಸರು ಗೀಚಿದ ನಕಲು ಸೀಡಿಗಳೂ ಬರುತ್ತಿದ್ದವು. ಡೇವ್, ಪ್ರಿನ್ಸ್ ಆಫ್ ಪರ್ಷಿಯಾ, ರೋಡ್ ರ‍್ಯಾಶ್ ಎಂದು ಹೆಸರು ಹೇಳಿದರೆ ಸಾಕು, ಆ ವಯಸ್ಸಿನವರ ಮುಖ ಅರಳುತ್ತದೆ. ಕಾಸು ಕೊಟ್ಟು ಆಟ ಕೊಂಡವರು ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೇ ಆ ಕಾಲವನ್ನು ನೆನೆಯುವ ಮಾತಿನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿ ಕೂತುಬಿಟ್ಟಿದೆ: ಆಗ ಎಲ್ಲವೂ ಎಲ್ಲರದಾಗಿತ್ತು, ಈಗಿನ ಹಾಗೆ ಪಾಸ್‌ವರ್ಡು, ಚಂದಾ, ಸರ್ವರುಗಳ ಕಾಟ ಇರಲಿಲ್ಲ ಎಂದು. ಈ ನೆನಪು ಸಿಹಿಯಾಗಿದೆ, ಆದರೆ ನಿಜವಲ್ಲ ಎಂಬುದು ನನ್ನ ವಾದ. ಆ ಸೀಡಿಗಳು ನಮ್ಮನ್ನು ಆಡಿಸಿದವು, ಕೈಗೆ ಏನನ್ನೂ ಕೊಡಲಿಲ್ಲ. ಇವತ್ತು ಲಿನಕ್ಸ್ ಕಂಪ್ಯೂಟರಿನಲ್ಲಿ ಸಾವಿರಾರು ವಿಂಡೋಸ್ ಆಟಗಳು ಓಡುತ್ತಿವೆ ಎಂದು ಸಂಭ್ರಮಪಡುವಾಗಲೂ ಅದೇ ಗೊಂದಲ ಮರುಕಳಿಸುತ್ತಿದೆ. ಆಟ ನಮ್ಮ ಯಂತ್ರದಲ್ಲಿ ಓಡುವುದು ಒಂದು ಸಂಗತಿ; ಅದನ್ನು ಬಿಚ್ಚಿ ನೋಡಿ, ತಿದ್ದಿ, ನಮ್ಮ ಭಾಷೆ ಹಾಕಿ ಪಕ್ಕದವರಿಗೆ ಕೊಡುವ ಹಕ್ಕು ಇನ್ನೊಂದು. ಗಡಿಯ ಕನ್ನಡಿಗರಿಗೆ ಈ ಎರಡನೆಯದಿಲ್ಲದೆ ಮೊದಲನೆಯದರಿಂದ ಹೆಚ್ಚಿನ ಉಪಯೋಗವಿಲ್ಲ.

ಡೇವ್ ಆಟವನ್ನೇ ತೆಗೆದುಕೊಳ್ಳೋಣ. ಪುಟ್ಟ ಹುಡುಗನೊಬ್ಬ ಬೆಂಕಿ ದಾಟಿ, ಟ್ರೋಫಿ ಎತ್ತಿಕೊಂಡು ಬಾಗಿಲು ಸೇರುವ ಆ ಆಟವನ್ನು ಅಮೆರಿಕದ ಜಾನ್ ರೊಮೆರೊ 1988ರಲ್ಲಿ ಆಪಲ್ ಯಂತ್ರಕ್ಕಾಗಿ ಬರೆದರು. ನಮ್ಮ ಶಾಲೆಗಳ ಲ್ಯಾಬುಗಳಿಗೆ ತಲುಪಿದ್ದು 1990ರ ಡಾಸ್ ಆವೃತ್ತಿ. ಅದರ ಸೋರ್ಸ್ ಕೋಡ್ ಆಡುವವರ ಕೈಗೆ ಸಿಗಲೇ ಇಲ್ಲ. ಡಾಸ್ ಹೋಯಿತು, ಡೇವ್ ಕೂಡ ಹೋಯಿತು. ಈಗ ಅದನ್ನು ಆಡಬೇಕೆಂದರೆ ಡಾಸ್‌ಬಾಕ್ಸ್ ಎಂಬ ತಂತ್ರಾಂಶದ ಒಳಗೆ ಹಳೆಯ ಯಂತ್ರದ ನಕಲೊಂದನ್ನು ಎಬ್ಬಿಸಬೇಕು. ಆ ಡಾಸ್‌ಬಾಕ್ಸ್ ಸ್ವತಂತ್ರ ತಂತ್ರಾಂಶ ಎನ್ನುವುದನ್ನು ಗಮನಿಸಬೇಕು: ಮುಚ್ಚಿದ ಆಟದ ನೆನಪನ್ನು ಉಳಿಸಿಕೊಟ್ಟದ್ದೂ ತೆರೆದ ಕೋಡೇ. ಇದೇ ರೊಮೆರೊ ಗೆಳೆಯರ ಜೊತೆ ಸೇರಿ ಕಟ್ಟಿದ ಇಡ್ ಸಾಫ್ಟ್‌ವೇರ್ ಸಂಸ್ಥೆ 1993ರ ಡಿಸೆಂಬರಿನಲ್ಲಿ ಡೂಮ್ ಹೊರತಂದಿತು. ನಾಲ್ಕು ವರ್ಷ ಚೆನ್ನಾಗಿ ವ್ಯಾಪಾರ ಮಾಡಿದ ಮೇಲೆ, 1997ರ ಡಿಸೆಂಬರಿನಲ್ಲಿ, ಅದರ ಸೋರ್ಸ್ ಕೋಡನ್ನು ಲೋಕಕ್ಕೆ ಬಿಟ್ಟಿತು. 1999ರಲ್ಲಿ ಅದಕ್ಕೆ ನೋಡುವ, ತಿದ್ದುವ, ಹಂಚುವ ಹಕ್ಕನ್ನು ಎಲ್ಲರಿಗೂ ಬಿಡುವ ಗ್ನೂ ಜಿಪಿಎಲ್ ಲೈಸೆನ್ಸ್ ಕೊಟ್ಟಿತು. ಅಲ್ಲಿಂದಾಚೆಗೆ ಡೂಮ್ ಓಡದ ಯಂತ್ರವನ್ನು ಹುಡುಕುವುದೇ ಕಷ್ಟವಾಯಿತು. ಚಿತ್ರ, ಸದ್ದು, ಭೂಪಟಗಳ ಹಕ್ಕು ಕಂಪನಿಯ ಕೈಯಲ್ಲೇ ಉಳಿದಿದ್ದರಿಂದ ಉತ್ಸಾಹಿಗಳು ಫ್ರೀಡೂಮ್ ಎಂಬ ಯೋಜನೆ ಹಾಕಿಕೊಂಡು ಅವನ್ನೆಲ್ಲ ಹೊಸದಾಗಿ ರಚಿಸಿದರು. ಒಬ್ಬನೇ ಮನುಷ್ಯನ ಕೈ ಆಡಿದ ಎರಡು ಆಟಗಳು ಇವು. ಒಂದು ಈಗ ನೆನಪು ಮಾತ್ರ. ಇನ್ನೊಂದು ಮೂವತ್ತು ವರ್ಷದ ಮೇಲೂ ಬೆಳೆಯುತ್ತಿದೆ. ಈ ವ್ಯತ್ಯಾಸಕ್ಕೆ ಗುಣ ಕಾರಣವಲ್ಲ, ಬೆಲೆಯೂ ಅಲ್ಲ, ಏಕೆಂದರೆ ನಮ್ಮವರು ಎರಡಕ್ಕೂ ಕಾಸು ಕೊಟ್ಟಿರಲಿಲ್ಲ. ಲೈಸೆನ್ಸ್ ಒಂದೇ ಕಾರಣ.

ಕಾಸಿಲ್ಲದೆ ಸಿಕ್ಕಿದ್ದು ನಮ್ಮದಾಗುವುದಿಲ್ಲ ಎಂಬುದಕ್ಕೆ ಕನ್ನಡದ ಅನುಭವವೇ ದೊಡ್ಡ ಸಾಕ್ಷಿ. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ನುಡಿ, ಸರ್ಕಾರದ ಬೆಂಬಲದೊಂದಿಗೆ, ಅದರ ಬೆನ್ನಿಗೇ ಬಂತು. ಇವೆರಡೂ ಕನ್ನಡಕ್ಕೆ ಮಾಡಿದ ಉಪಕಾರವನ್ನು ಸಣ್ಣದು ಮಾಡುವವರು ಆ ಕಾಲವನ್ನು ಬಲ್ಲವರಲ್ಲ. ಕನ್ನಡದ ಒಂದು ಸಾಲನ್ನು ಪರದೆಯ ಮೇಲೆ ಕಂಡು ಜನ ಹಿಗ್ಗಿದ್ದು ಇವುಗಳಿಂದ. ಆದರೆ ಎರಡೂ ವಿಂಡೋಸಿಗೆ ಕಟ್ಟುಬಿದ್ದಿದ್ದವು, ಎರಡರ ಒಳಗೂ ಇಣುಕಲು ಬಳಸುವವರಿಗೆ ದಾರಿ ಇರಲಿಲ್ಲ. ಅವುಗಳ ಹಳೆಯ ಫಾಂಟುಗಳು ಕನ್ನಡದ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸುತ್ತಿದ್ದವು. ನುಡಿಯಲ್ಲಿ ಟೈಪು ಮಾಡಿದ ‘ಕನ್ನಡ’ ಎಂಬ ಪದವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಬ್ರಿಟನ್ನಿನ ಪೌಂಡಿನ ಗುರುತು ಸಾಲಾಗಿ ನಿಲ್ಲುತ್ತಿದ್ದವು. ಆ ಪಿ ಮತ್ತು ಪೌಂಡು ಬೆರೆತ ಸಾಲುಗಳನ್ನು ಕನ್ನಡದ ಪತ್ರಿಕೆ, ಅಚ್ಚುಮನೆ, ಸರ್ಕಾರಿ ಕಚೇರಿಗಳಲ್ಲಿ ದುಡಿದ ಯಾರೂ ಮರೆಯುವಂತಿಲ್ಲ. ಹೀಗೆ ಲೆಕ್ಕವಿಲ್ಲದಷ್ಟು ಕಡತಗಳು, ಪುಸ್ತಕಗಳು, ಪತ್ರಗಳು ಒಂದು ತಂತ್ರಾಂಶದ ಹಂಗಿನಲ್ಲಿ ಸಿಕ್ಕಿಕೊಂಡವು. ಪೂರ್ಣಚಂದ್ರ ತೇಜಸ್ವಿ ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ವಿಷಯಕ್ಕೆ ಅಷ್ಟು ಹಟ ಹಿಡಿದು ಕೂತದ್ದು ಸುಮ್ಮನೆ ಅಲ್ಲ. ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳನ್ನು ಬರೆದು, ಅವುಗಳ ಕೋಡನ್ನೂ ತೆರೆದಿಟ್ಟವರಲ್ಲಿ ಸಂಬಳವಿಲ್ಲದೆ ದುಡಿದ ಸ್ವಯಂಸೇವಕರೇ ಮುಖ್ಯರು. ಇದರ ಪಕ್ಕದಲ್ಲಿ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಇಟ್ಟು ನೋಡಬೇಕು. ಅವರು ಅದರ ಮೇಲೆ ಒಡೆತನ ಸಾಧಿಸದೆ ಎಲ್ಲರಿಗೂ ಬಿಟ್ಟುಕೊಟ್ಟರು. ಅದರಿಂದಲೇ ನುಡಿ ಅದನ್ನು ಬಳಸಿತು, ಕಗಪ ಎಂಬ ಹೆಸರಿನಲ್ಲಿ ಇವತ್ತು ಲಿನಕ್ಸ್ ಯಂತ್ರಗಳಲ್ಲೂ ಅದು ಕಾಯಂ ಆಗಿ ಬರುತ್ತದೆ. ತಂತ್ರಾಂಶಗಳು ಆವೃತ್ತಿಯಿಂದ ಆವೃತ್ತಿಗೆ ಹಳತಾದವು. ತೆರೆದಿಟ್ಟ ವಿನ್ಯಾಸ ಮಾತ್ರ ಬೆರಳುಗಳಲ್ಲಿ ಉಳಿಯಿತು.

ಆಟಗಳ ವಿಷಯಕ್ಕೆ ಬಂದರೆ ಕನ್ನಡದ ಸ್ಥಿತಿ ಇದಕ್ಕಿಂತ ಹಿಂದೆ. ಅದಕ್ಕೆ ಕಾರಣ ತೀರಾ ತಾಂತ್ರಿಕವಾದದ್ದು, ಆದ್ದರಿಂದ ಸ್ವಲ್ಪ ಹತ್ತಿರದಿಂದ ನೋಡಬೇಕು. ‘ಲೇಪಾಕ್ಷಿ’ ಎಂಬ ಹೆಸರು ನಮ್ಮ ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರಿನ ಸ್ಮೃತಿಯಲ್ಲಿ ಅದು ಎಂಟು ಸಂಕೇತ: ಲ, ಏಕಾರದ ಗುರುತು, ಪ, ಆಕಾರದ ಗುರುತು, ಕ, ವಿರಾಮ, ಷ, ಇಕಾರದ ಗುರುತು. ಈ ಎಂಟನ್ನು ಓದಿ, ಕೊನೆಯ ನಾಲ್ಕನ್ನು ಕೂಡಿಸಿ ‘ಕ್ಷಿ’ ಎಂಬ ಒಂದೇ ಆಕಾರವಾಗಿ ಬರೆಯುವ ಕೆಲಸವನ್ನು ಯಾರಾದರೂ ಮಾಡಬೇಕು. ಇಂಗ್ಲಿಷಿಗೆ ಈ ಕೆಲಸ ಬೇಡ. ಅಲ್ಲಿ ಒಂದರ ಪಕ್ಕ ಒಂದು ಅಕ್ಷರ ಇಟ್ಟರೆ ಮುಗಿಯಿತು. ಆಟಗಳ ಇಂಜಿನ್ನುಗಳನ್ನು ಬರೆದವರು ಬಹುಕಾಲ ಇಷ್ಟರಲ್ಲೇ ತೃಪ್ತರಾಗಿದ್ದರು. ಅಂಥ ಇಂಜಿನ್ನಿಗೆ ನಮ್ಮೂರಿನ ಹೆಸರು ಕೊಟ್ಟರೆ ಕ ಒಂದು ಕಡೆ, ವಿರಾಮದ ಗುರುತು ಒಂದು ಕಡೆ, ಷ ಇನ್ನೊಂದು ಕಡೆ, ಗುಡಿಸು ಅದರಾಚೆಗೆ ಅನಾಥವಾಗಿ ನಿಲ್ಲುತ್ತದೆ. ಒತ್ತು, ಗುಣಿತಗಳನ್ನು ಸರಿಯಾಗಿ ಕೂಡಿಸುವ ಹಾರ್ಫ್‌ಬಜ್ ಎಂಬ ತಂತ್ರಾಂಶ ಲಿನಕ್ಸ್ ಪ್ರಪಂಚದಲ್ಲಿ ಬೆಳೆಯಿತು. ಇವತ್ತು ಆಂಡ್ರಾಯ್ಡ್ ಫೋನಿನಲ್ಲೂ ಫೈರ್‌ಫಾಕ್ಸಿನಲ್ಲೂ ಕನ್ನಡ ನೆಟ್ಟಗೆ ಕಾಣುವುದರ ಹಿಂದೆ ಅದೇ ಇದೆ. ಗೊಡೋ ಎಂಬ ಆಟದ ಇಂಜಿನ್ನಿನ ಕೋಡ್ 2014ರಲ್ಲಿ ತೆರೆಯಿತು. ಅದರಲ್ಲೂ ಈ ಕೊರತೆ ಇತ್ತು. ಆದರೆ ಕೋಡ್ ತೆರೆದಿದ್ದರಿಂದ ಬೇಕಾದವರು ಒಳಗಿಳಿದು ಕೆಲಸ ಮಾಡಿದರು. 2023ರ ಮಾರ್ಚಿನಲ್ಲಿ ಬಂದ ನಾಲ್ಕನೆಯ ಆವೃತ್ತಿಯಲ್ಲಿ ಹಾರ್ಫ್‌ಬಜ್ ಸೇರಿತು, ಕನ್ನಡ, ತೆಲುಗು, ಅರಬಿ ಒಟ್ಟಿಗೇ ಸರಿಹೋದವು. ಮುಚ್ಚಿದ ಇಂಜಿನ್ನಿನಲ್ಲಿ ಇದೇ ಕೊರತೆ ಇದ್ದಾಗ ಕನ್ನಡದ ತಯಾರಕರು ಮಾಡಬಹುದಾದದ್ದು ಎರಡೇ: ಅರ್ಜಿ ಹಾಕಿ ಕಾಯುವುದು, ಇಲ್ಲವೇ ಕನ್ನಡದ ಪದಗಳನ್ನು ಚಿತ್ರವಾಗಿ ಅಂಟಿಸುವುದು. ಕನ್ನಡ ಲಾಭ ತರುವ ಮಾರುಕಟ್ಟೆ ಎಂದು ದೂರದ ಕಂಪನಿಯೊಂದಕ್ಕೆ ತೋರುವವರೆಗೆ ಆ ಅರ್ಜಿಗೆ ಉತ್ತರ ಬರುವುದಿಲ್ಲ. ಅದರ ಮೇಲೆ ಸಿಟ್ಟು ಮಾಡಿಕೊಂಡೂ ಫಲವಿಲ್ಲ. ಲೆಕ್ಕ ನೋಡುವುದು ಅದರ ಕಸುಬು. ನಮ್ಮ ಕಸುಬು ಬೇರೆಯದಾಗಿರಬೇಕು.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ, ಅದು ಬಲವಾದದ್ದೇ. ಲಿನಕ್ಸಿಗೆ ಜನ ಬಾರದಿರಲು ಆಟಗಳ ಕೊರತೆಯೇ ಕಾರಣವಾಗಿತ್ತು. ಈಗ ಆಟ ಬಂದಿದೆ, ಜನ ಬರುತ್ತಿದ್ದಾರೆ, ಬಂದವರು ನಿಧಾನಕ್ಕೆ ಸ್ವಾತಂತ್ರ್ಯದ ಮಾತನ್ನೂ ಕೇಳುತ್ತಾರೆ, ಹಾಗಿರುವಾಗ ಮುಚ್ಚಿದ ಆಟವೆಂದು ಮುಖ ತಿರುಗಿಸುವುದು ಯಾಕೆ? ನಡೆದದ್ದನ್ನು ಹಾಗೇ ಹೇಳುವುದಾದರೆ ಈ ವಾದಕ್ಕೆ ಆಧಾರವಿದೆ. ವಾಲ್ವ್ ಕಂಪನಿಯ ಸ್ಟೀಮ್ ಅಂಗಡಿ 2013ರ ಫೆಬ್ರವರಿಯಲ್ಲಿ ಲಿನಕ್ಸಿಗೆ ಬಂತು. 2018ರ ಆಗಸ್ಟಿನಲ್ಲಿ ಅದರ ಪ್ರೋಟಾನ್ ಎಂಬ ತಂತ್ರಾಂಶ ಬಂದ ಮೇಲೆ ವಿಂಡೋಸಿಗೆಂದೇ ಮಾಡಿದ ಆಟಗಳೂ ಲಿನಕ್ಸಿನಲ್ಲಿ ಓಡಲಾರಂಭಿಸಿದವು. 2022ರಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಂತ್ರ ಒಳಗೆ ಆರ್ಚ್ ಲಿನಕ್ಸನ್ನೇ ಹೊತ್ತಿದೆ. ಪ್ರೋಟಾನಿನ ಬುನಾದಿ 1993ರಿಂದ ಸ್ವಯಂಸೇವಕರು ಬೆವರು ಸುರಿಸಿ ಕಟ್ಟುತ್ತ ಬಂದ ವೈನ್ ಎಂಬ ಸ್ವತಂತ್ರ ತಂತ್ರಾಂಶ. ಅದಕ್ಕೂ ಗ್ರಾಫಿಕ್ಸ್ ಡ್ರೈವರುಗಳಿಗೂ ವಾಲ್ವ್ ಹಾಕಿದ ಹಣದ ಫಲ ಎಲ್ಲ ಲಿನಕ್ಸ್ ಬಳಕೆದಾರರಿಗೂ ಸಿಕ್ಕಿದೆ. ಇದನ್ನು ಒಪ್ಪದಿದ್ದರೆ ಅನ್ಯಾಯ. ಗ್ನೂ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ 2012ರಲ್ಲಿ ಈ ಬೆಳವಣಿಗೆಯ ಮುನ್ಸೂಚನೆ ಸಿಕ್ಕಾಗಲೇ ಇದರಿಂದ ಒಳಿತೂ ಇದೆ ಕೆಡುಕೂ ಇದೆ ಎಂದು ಬರೆದಿದ್ದರು: ಹೇಗೂ ಮುಚ್ಚಿದ ಆಟ ಆಡುವವರು ವಿಂಡೋಸ್ ಬಿಟ್ಟು ಬಂದರೆ ಅಷ್ಟು ಲಾಭ, ಆದರೆ ಸ್ವಾತಂತ್ರ್ಯ ಮುಖ್ಯವಲ್ಲ, ಆಟ ಓಡಿದರೆ ಸಾಕು ಎಂಬ ಪಾಠವೂ ಅದರ ಜೊತೆಗೇ ಬರುತ್ತದೆ ಎಂಬುದು ಅವರ ತರ್ಕದ ತಿರುಳು. ಇಷ್ಟು ವರ್ಷ ಕಳೆದ ಮೇಲೆ ನೋಡಿದರೆ ಎರಡೂ ನಿಜವಾಗಿವೆ ಎನ್ನಬೇಕು. 2024ರ ಅಕ್ಟೋಬರ್ ಕೊನೆಯಲ್ಲಿ ಎಪೆಕ್ಸ್ ಲೆಜೆಂಡ್ಸ್ ಎಂಬ ಜನಪ್ರಿಯ ಆಟದ ಕಂಪನಿ, ಮೋಸಗಾರರನ್ನು ತಡೆಯುವ ಕಾರಣ ಕೊಟ್ಟು, ಲಿನಕ್ಸ್ ಬಳಸುವವರಿಗೆ ಬಾಗಿಲು ಹಾಕಿತು. ಯಂತ್ರ ತೆರೆದಿತ್ತು, ಪ್ರೋಟಾನ್ ತೆರೆದಿತ್ತು, ಡ್ರೈವರ್ ತೆರೆದಿತ್ತು. ಮೇಲೆ ಕೂತ ಆಟವೊಂದು ಮುಚ್ಚಿದ್ದರಿಂದ ಕೆಳಗಿನ ಇಷ್ಟೂ ಸ್ವಾತಂತ್ರ್ಯ ಆಡುವವರ ನೆರವಿಗೆ ಬರಲಿಲ್ಲ. ಆಟ ಬಂತೆಂದು ಲಿನಕ್ಸಿಗೆ ಬಂದವರು ಆಟ ಹೋಯಿತೆಂದು ಲಿನಕ್ಸ್ ಬಿಟ್ಟರೆ ಅವರನ್ನು ದೂರುವುದು ತರವಲ್ಲ. ಅವರಿಗೆ ನಾವು ಹೇಳಿಕೊಟ್ಟದ್ದೇ ಅಷ್ಟು.

ಆಟವೆಂದರೆ ಹೊತ್ತು ಕಳೆಯುವ ಸಾಧನ, ಅದಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕೆ ಎಂಬುದು ಎರಡನೆಯ ಆಕ್ಷೇಪ. ಕಚೇರಿಯ ತಂತ್ರಾಂಶ, ಬ್ಯಾಂಕಿನ ತಂತ್ರಾಂಶ ತೆರೆದಿರಲಿ, ಆಟ ಹೇಗಿದ್ದರೇನು ಎಂದು ಓದಿಕೊಂಡವರೂ ಹೇಳುತ್ತಾರೆ. ಆದರೆ ಆಟದಲ್ಲೂ ಕಳೆದುಕೊಳ್ಳುವುದು ಇದ್ದೇ ಇದೆ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಆಟವೂ ಸೇರಿದಂತೆ 118 ಆ್ಯಪುಗಳನ್ನು ನಿಷೇಧಿಸಿತು. ಅಕ್ಟೋಬರ್ 30ಕ್ಕೆ ಭಾರತದವರಿಗೆ ಅದರ ಸರ್ವರುಗಳೇ ನಿಂತವು. ಗಡಿಯ ಹಳ್ಳಿಗಳಲ್ಲಿ ಕೂಡ ಹುಡುಗರು ತಮ್ಮ ಜೇಬಿನ ಕಾಸು ಹಾಕಿ ಕೊಂಡ ಉಡುಪು, ಬಂದೂಕುಗಳೆಲ್ಲ ಆ ರಾತ್ರಿ ಇಲ್ಲವಾದವು. ನಿಷೇಧಕ್ಕೆ ಕೊಟ್ಟ ಭದ್ರತೆಯ ಕಾರಣಗಳನ್ನು ನಾನು ಪ್ರಶ್ನಿಸುತ್ತಿಲ್ಲ. ಕೊಂಡದ್ದು ಯಾವತ್ತೂ ಕೊಂಡವರದಾಗಿರಲಿಲ್ಲ ಎಂಬುದನ್ನಷ್ಟೇ ತೋರಿಸುತ್ತಿದ್ದೇನೆ. ನಿಷೇಧವೇನೂ ಇಲ್ಲದ ಕಡೆಯೂ ಇದೇ ಕತೆ. ಯೂಬಿಸಾಫ್ಟ್ ಕಂಪನಿ ತನ್ನ 2014ರ ದಿ ಕ್ರೂ ಎಂಬ ಕಾರಿನ ಆಟದ ಸರ್ವರುಗಳನ್ನು 2024ರ ಮಾರ್ಚ್ 31ರಂದು ಮುಚ್ಚಿದಾಗ ಕಾಸು ಕೊಟ್ಟು ಡಿಸ್ಕ್ ಕೊಂಡವರ ಕೈಯಲ್ಲಿ ಬರೀ ತಟ್ಟೆ ಉಳಿಯಿತು. ಕಾಸಿಟ್ಟು ಆಡುವ ಆನ್‌ಲೈನ್ ರಮ್ಮಿಯ ವಿಷಯ ಇನ್ನೂ ಗಂಭೀರ. 2020ರ ಸೆಪ್ಟೆಂಬರಿನಲ್ಲಿ ಆಂಧ್ರ ಸರ್ಕಾರ ಅದನ್ನು ನಿಷೇಧಿಸಿತು. ಕರ್ನಾಟಕ 2021ರಲ್ಲಿ ತಂದ ಇಂಥದೇ ಕಾಯ್ದೆಯ ಮುಖ್ಯ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಹೊಡೆದುಹಾಕಿತು. ಹೀಗಾಗಿ ಲೇಪಾಕ್ಷಿಯಲ್ಲಿ ಅಪರಾಧವಾದದ್ದು ಗೌರಿಬಿದನೂರಿನಲ್ಲಿ ಅಪರಾಧವಾಗಿರಲಿಲ್ಲ. 2025ರ ಆಗಸ್ಟಿನಲ್ಲಿ ಕೇಂದ್ರದ ಕಾಯ್ದೆ ಬರುವವರೆಗೂ ಇದೇ ಸ್ಥಿತಿ. ನ್ಯಾಯಾಲಯಗಳಲ್ಲಿ ವಾದ ನಡೆದದ್ದು ಇದು ಕೌಶಲವೋ ಜೂಜೋ ಎಂದು. ಎಲೆ ಕಲಸುವ ಕೋಡ್ ಹೇಗಿದೆ ಎಂದು ಆಡುವವರೇ ತೆರೆದು ನೋಡುವ ದಾರಿ ಗಡಿಯ ಈಚೆಗೂ ಇರಲಿಲ್ಲ, ಆಚೆಗೂ ಇರಲಿಲ್ಲ. ಮನೆ ಕಳೆದುಕೊಂಡವರಿಗೂ ತಾವು ಸೋತದ್ದು ಹೇಗೆ ಎಂದು ತಿಳಿಯುವ ಹಕ್ಕಿರಲಿಲ್ಲ.

ಇದರ ಎದುರಿಗೆ ನಮ್ಮ ಸೀಮೆಯ ಹಳೆಯ ಆಟಗಳನ್ನು ನೋಡಬೇಕು. ಹುಲಿ-ಕುರಿ ಆಟಕ್ಕೆ ಬೇಕಾದದ್ದು ಸುಣ್ಣದ ಕಡ್ಡಿಯಲ್ಲಿ ಕಲ್ಲಿನ ಮೇಲೆ ಎಳೆದ ಗೆರೆ, ಮೂರು ದೊಡ್ಡ ಕಲ್ಲು, ಹದಿನೈದು ಸಣ್ಣ ಕಲ್ಲು. ಕೆಲವೂರಲ್ಲಿ ಹುಲಿಯ ಲೆಕ್ಕ ಬೇರೆ, ಕೆಲವೂರಲ್ಲಿ ಕುರಿಯ ಲೆಕ್ಕ ಬೇರೆ. ಚೌಕಾಬಾರಕ್ಕೆ ಕವಡೆ ಇಲ್ಲದಿದ್ದರೆ ಹುಣಸೆಬೀಜವನ್ನು ಒರಟು ಕಲ್ಲಿಗೆ ಉಜ್ಜಿ, ಒಂದು ಮೈ ಬೆಳ್ಳಗೆ ಮಾಡಿಕೊಂಡರೆ ಆಯಿತು. ಹುಣಸೆಯ ವ್ಯಾಪಾರಕ್ಕೆ ಹೆಸರಾದ ಹಿಂದೂಪುರದ ಸುತ್ತ ಅದಕ್ಕೆ ಬರವಿಲ್ಲ. ಬಲಹೀನ ಕೂಸು ಆಡಲು ಕೂತರೆ ದೊಡ್ಡವರು ನಿಯಮ ಸಡಿಲಿಸುತ್ತಾರೆ, ಹೊತ್ತಿಲ್ಲದಿದ್ದರೆ ಮನೆಗಳನ್ನು ಕಡಿಮೆ ಮಾಡುತ್ತಾರೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿ ಎಂಬ ತಮ್ಮ ಗ್ರಂಥದ ಕೊನೆಯ ನಿಧಿಯನ್ನು ಇಂಥ ಆಟಗಳಿಗೇ ಮೀಸಲಿಟ್ಟರು. ಅರಮನೆಯಲ್ಲಿ ಪಟ ಎಷ್ಟು ಬೆಲೆಬಾಳುವುದಾದರೂ ಆಟ ಅದೇ ಆಗಿತ್ತು, ನಿಯಮ ಆಡುವವರ ಕೈಯಲ್ಲೇ ಇತ್ತು. ನೋಡುವ, ತಿದ್ದುವ, ಹಂಚುವ ಹಕ್ಕು ಆಟಕ್ಕೆ ಹೊರಗಿನಿಂದ ತಂದು ಹಚ್ಚುವ ತತ್ತ್ವ ಎಂದು ಹೇಳುವವರು ಇದನ್ನು ಯೋಚಿಸಬೇಕು. ಆಟದಲ್ಲಿ ಅದು ಮೊದಲಿನಿಂದ ಇತ್ತು. ಮುಚ್ಚಿದ ತಂತ್ರಾಂಶ ಅದನ್ನು ಕಿತ್ತುಕೊಂಡಿತು. ಅಷ್ಟೇ ಅಲ್ಲ, ಮಗು ಮೊದಲು ಮುಟ್ಟುವ ತಂತ್ರಾಂಶ ಆಟ. ಆಟದಲ್ಲಿ ‘ಇದನ್ನು ಬಿಚ್ಚುವಂತಿಲ್ಲ’ ಎಂದು ಒಗ್ಗಿಕೊಂಡ ಮಗು ದೊಡ್ಡದಾದ ಮೇಲೆ ಬ್ಯಾಂಕಿನ ತಂತ್ರಾಂಶವನ್ನು ಮಾತ್ರ ಪ್ರಶ್ನಿಸುತ್ತದೆ ಎಂದು ನಾನು ನಂಬಲಾರೆ.

ಉಳಿದದ್ದು ಹೊಟ್ಟೆಪಾಡಿನ ಪ್ರಶ್ನೆ. ಕೋಡ್ ಬಿಟ್ಟುಕೊಟ್ಟರೆ ಆಟ ಮಾಡಿದವರು ಏನು ತಿನ್ನಬೇಕು? ಲೇಪಾಕ್ಷಿಯವರಿಗೆ ಇದರ ಉತ್ತರ ಕಣ್ಣೆದುರಿಗೇ ಇದೆ. ವೀರಭದ್ರ ದೇವಸ್ಥಾನದ ಲತಾಮಂಟಪದ ಕಂಬಗಳ ಮೇಲಿನ ಬಳ್ಳಿ, ಹೂವು, ಹಂಸಗಳ ವಿನ್ಯಾಸಗಳನ್ನು ನೇಕಾರರು ಸೀರೆಯ ಅಂಚಿಗೂ ಸೆರಗಿಗೂ ಎತ್ತಿಕೊಳ್ಳುತ್ತ ಬಂದಿದ್ದಾರೆ. ವಿಜಯನಗರದ ಅಚ್ಯುತರಾಯನ ಕಾಲದ ಆ ಕೆತ್ತನೆಗೆ ಯಾರೂ ಬಾಡಿಗೆ ವಸೂಲು ಮಾಡುವುದಿಲ್ಲ. ವಿನ್ಯಾಸ ಎಲ್ಲರದು ಎಂಬ ಕಾರಣಕ್ಕೆ ನೇಕಾರನ ಮಗ್ಗ ನಿಲ್ಲಲಿಲ್ಲ. ಜನ ಕಾಸು ಕೊಡುವುದು ನೇಯ್ಗೆಗೆ, ರೇಷ್ಮೆಗೆ, ಕೈಯ ಹದಕ್ಕೆ. ಅದೇ ಜಿಲ್ಲೆಯ ಧರ್ಮಾವರದ ಸೀರೆಗೆ ಭೌಗೋಳಿಕ ಸೂಚಕದ ರಕ್ಷಣೆ ಇದೆಯಲ್ಲ ಎಂದು ಕೇಳಬಹುದು. ಅದು ಧರ್ಮಾವರದ ಹೆಸರನ್ನು ಕಾಯುತ್ತದೆ, ಕಂಬದ ಮೇಲಿನ ಬಳ್ಳಿಗೆ ಬೇಲಿ ಹಾಕುವುದಿಲ್ಲ. ತಂತ್ರಾಂಶದಲ್ಲೂ ಇದು ನಡೆದಿದೆ. ಗ್ನೂ ಲೈಸೆನ್ಸ್ ಮಾರಾಟವನ್ನು ತಡೆಯುವುದೇ ಇಲ್ಲ. ಆಟಗಳ ಚಿತ್ರ, ಆಕೃತಿಗಳನ್ನು ರೂಪಿಸುವ ಬ್ಲೆಂಡರ್ ಮೊದಲು ಮುಚ್ಚಿದ ತಂತ್ರಾಂಶವಾಗಿತ್ತು. ಅದರ ಕಂಪನಿ ಮುಳುಗಿದಾಗ ಬಳಸುವವರೇ 2002ರಲ್ಲಿ ಒಂದು ಲಕ್ಷ ಯೂರೋ ಕೂಡಿಸಿ ಕೋಡನ್ನು ಬಿಡಿಸಿಕೊಂಡರು. ಇವತ್ತು ದೊಡ್ಡ ಸ್ಟುಡಿಯೋಗಳೂ ಅದನ್ನು ಬಳಸುತ್ತವೆ, ಹಣವನ್ನೂ ಕೊಡುತ್ತವೆ. ಬ್ಯಾಟಲ್ ಫಾರ್ ವೆಸ್ನೋತ್ ಎಂಬ ಸ್ವತಂತ್ರ ಆಟ 2003ರಿಂದ ಬೆಳೆಯುತ್ತಲೇ ಇದೆ. ಡೂಮ್‌ನ ದಾರಿ ಕೂಡ ಇದೆ: ಮೊದಲ ವರ್ಷಗಳ ಲಾಭ ಕಂಪನಿಗೆ, ಆಮೇಲೆ ಕೋಡ್ ಲೋಕಕ್ಕೆ. ಇಷ್ಟು ಸಾಧ್ಯವಿರುವಾಗ ಬೀಗವಿಲ್ಲದೆ ಬದುಕಿಲ್ಲ ಎಂಬ ಮಾತಿಗೆ ಬೆಲೆ ಕೊಡಬೇಕಾಗಿಲ್ಲ.

ಹಾಗೆಂದು ಬಾಗಿಲು ತೆರೆದ ಮಾತ್ರಕ್ಕೆ ಮನೆ ತುಂಬುತ್ತದೆ ಎಂದೂ ನಾನು ಹೇಳುವುದಿಲ್ಲ. ಬೆಂಗಳೂರಿನ ಸಿಂಪ್ಯೂಟರ್ ಅದಕ್ಕೆ ಸಾಕ್ಷಿ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಮತ್ತು ಎನ್ಕೋರ್ ಕಂಪನಿಯವರು ಸೇರಿ 2001ರಲ್ಲಿ ತೋರಿಸಿದ ಆ ಕೈಗಂಪ್ಯೂಟರ್ ಲಿನಕ್ಸಿನಲ್ಲಿ ಓಡುತ್ತಿತ್ತು, ಅದರ ಯಂತ್ರದ ವಿನ್ಯಾಸಕ್ಕೂ ತನ್ನದೇ ಒಂದು ಮುಕ್ತ ಲೈಸೆನ್ಸ್ ಇತ್ತು. 2004ರಲ್ಲಿ ಬಂದ ಅಮಿಡಾ ಮಾದರಿಯಲ್ಲಿ ಕೈ ಓರೆ ಮಾಡಿದ್ದನ್ನು ಗುರುತಿಸುವ ಸಂವೇದಕವಿತ್ತು. ಯಂತ್ರವನ್ನೇ ವಾಲಿಸಿ ಆಡುವ ಆಟಗಳು ಆಮೇಲೆ ಐಫೋನಿನಿಂದ ಲೋಕಪ್ರಸಿದ್ಧವಾದವು. ಅದಕ್ಕೆ ಬೇಕಾದ ಸಂವೇದಕ ಬೆಂಗಳೂರಿನಲ್ಲಿ ಅದಕ್ಕೂ ಮೂರು ವರ್ಷ ಮೊದಲೇ ಕೈಯಂತ್ರದೊಳಗೆ ಕೂತಿತ್ತು. ಐವತ್ತು ಸಾವಿರ ಮಾರುವ ಗುರಿ ಇಟ್ಟುಕೊಂಡಿದ್ದರು. 2005ರ ಹೊತ್ತಿಗೆ ಮಾರಾಟವಾದದ್ದು ಸುಮಾರು ನಾಲ್ಕು ಸಾವಿರ. ಕೊಳ್ಳುವ ಇಲಾಖೆ ಬೇಕು, ಕಲಿಸುವ ಶಾಲೆ ಬೇಕು, ತಮ್ಮ ಭಾಷೆಯಲ್ಲಿ ತುಂಬುವ ಜನ ಬೇಕು. ಇವಿಲ್ಲದಿದ್ದರೆ ಎಂಥ ಮುಕ್ತ ಯಂತ್ರವೂ ಕಪಾಟು ಸೇರುತ್ತದೆ. ಸ್ವತಂತ್ರ ತಂತ್ರಾಂಶದ ಪರ ಮಾತಾಡುವವರು ಈ ಸೋಲನ್ನು ಮರೆಮಾಚಬಾರದು ಎಂದು ನನ್ನ ಬಲವಾದ ಅನಿಸಿಕೆ.

ಆ ಮೂರೂ ಒಟ್ಟಿಗೆ ಕೂಡಿಬಂದ ಜಾಗ ಒಂದಿದೆ, ಅದೂ ಕನ್ನಡದ ಗಡಿಯಲ್ಲೇ. ಕೇರಳ ಸರ್ಕಾರ 2001ರಲ್ಲಿ ಶುರುಮಾಡಿದ ಐಟಿ ಅಟ್ ಸ್ಕೂಲ್ ಯೋಜನೆ ಕೆಲವೇ ವರ್ಷಗಳಲ್ಲಿ ಶಾಲೆಗಳ ಕಂಪ್ಯೂಟರುಗಳನ್ನೆಲ್ಲ ಲಿನಕ್ಸಿಗೆ ತಂದಿತು. 2017ರಲ್ಲಿ ಆ ಯೋಜನೆಯೇ ಕೈಟ್ ಎಂಬ ಸಂಸ್ಥೆಯಾಯಿತು. ಸಣ್ಣ ತರಗತಿಯ ಮಕ್ಕಳಿಗೆ ಅಲ್ಲಿನ ಕಂಪ್ಯೂಟರ್ ಪುಸ್ತಕ ಆಟದಿಂದಲೇ ಕಲಿಸುತ್ತದೆ; ಜೀಕಾಂಪ್ರೀ, ಟಕ್ಸ್‌ಪೇಂಟಿನಂಥ ಸ್ವತಂತ್ರ ತಂತ್ರಾಂಶಗಳು ಅಲ್ಲಿ ಪಾಠದ ಭಾಗ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಇದೇ ಯಂತ್ರ, ಇದೇ ತಂತ್ರಾಂಶ, ಕನ್ನಡದಲ್ಲೇ ಅಚ್ಚಾದ ಐಟಿ ಪುಸ್ತಕ. ಮಲಯಾಳಂ ರಾಜ್ಯದ ಕನ್ನಡ ಮಗು ಹೀಗೆ ತೆರೆದ ಆಟದೊಂದಿಗೆ ಕಂಪ್ಯೂಟರಿನ ಬಾಗಿಲು ದಾಟುತ್ತದೆ. ಆಂಧ್ರದ ಕಡೆ ಮಡಕಶಿರಾ, ಅಗಳಿ, ರೊಳ್ಳ, ಅಮರಾಪುರ, ರಾಯದುರ್ಗದ ಸುತ್ತ ಕನ್ನಡ ಮಾಧ್ಯಮದ ಶಾಲೆಗಳಿವೆ, ಸರ್ಕಾರ ಕನ್ನಡದ ಪಠ್ಯಪುಸ್ತಕವನ್ನೂ ಕೊಡುತ್ತದೆ. ಆದರೆ 2022ರ ಡಿಸೆಂಬರಿನಲ್ಲಿ ರಾಜ್ಯದ ಎಂಟನೆಯ ತರಗತಿಯ ಮಕ್ಕಳಿಗೂ ಶಿಕ್ಷಕರಿಗೂ ಹಂಚಿದ ಐದು ಲಕ್ಷಕ್ಕೂ ಹೆಚ್ಚು ಟ್ಯಾಬುಗಳಲ್ಲಿ ತುಂಬಿದ್ದು ಬೈಜೂಸ್ ಕಂಪನಿಯ ಪಾಠಗಳು. 2024ರ ಜುಲೈಯಲ್ಲಿ ಆ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಟ್ಯಾಬು ಕೊಟ್ಟ ಉದ್ದೇಶ ಒಳ್ಳೆಯದೇ ಇರಬಹುದು. ಅದರೊಳಗಿನ ಪಾಠಕ್ಕೆ ಕನ್ನಡದ ಒಂದು ಸಾಲು ಸೇರಿಸುವ ಅಧಿಕಾರ ಮಾತ್ರ ರೊಳ್ಳದ ಮೇಷ್ಟರಿಗೆ ಇರಲಿಲ್ಲ.

ಸ್ವತಂತ್ರ ಆಟಗಳ ಕನ್ನಡ ಇನ್ನೂ ಅರೆಬರೆ, ಅನುವಾದ ಒರಟು ಎಂಬ ದೂರು ನಿಜ. ಟಕ್ಸ್‌ಪೇಂಟಿಗೆ ಕನ್ನಡ ಬಂದಿದೆ, ಗ್ನೋಮ್‌ನ ಪುಟ್ಟ ಆಟಗಳ ಮೆನುಗಳಿಗೂ ಬಂದಿದೆ. ಎಷ್ಟೋ ಆಟಗಳಿಗೆ ಬಂದಿಲ್ಲ. ಆದರೆ ಈ ಕೊರತೆಯನ್ನು ತುಂಬಲು ಬೇಕಾದದ್ದು ಏನೆಂದು ನೋಡಿ. ಲಿನಕ್ಸ್ ತಂತ್ರಾಂಶಗಳ ಅನುವಾದ ಸಾಮಾನ್ಯವಾಗಿ ಒಂದು ಸಾದಾ ಪಠ್ಯ ಕಡತದಲ್ಲಿರುತ್ತದೆ: ಮೇಲಿನ ಸಾಲಿನಲ್ಲಿ ಮೂಲದ ಇಂಗ್ಲಿಷ್ ವಾಕ್ಯ, ಕೆಳಗಿನ ಸಾಲಿನಲ್ಲಿ ಉದ್ಧರಣ ಚಿಹ್ನೆಗಳ ನಡುವೆ ಖಾಲಿ ಜಾಗ. ಆ ಖಾಲಿ ಜಾಗದಲ್ಲಿ ಕನ್ನಡ ಬರೆಯಲು ಎಂಜಿನಿಯರ್ ಆಗಬೇಕಿಲ್ಲ. ಒಳ್ಳೆಯ ಕನ್ನಡ ಬಲ್ಲ ಶಿಕ್ಷಕರು ಸಾಕು. ಕಾಸರಗೋಡಿನಲ್ಲಿ ತುಂಬಿದ ಕಡತ ಮಡಕಶಿರಾದಲ್ಲಿ ಹಾಗೇ ಓಡುತ್ತದೆ. ಅದಕ್ಕೆ ತಿರುವನಂತಪುರದ, ಅಮರಾವತಿಯ, ಬೆಂಗಳೂರಿನ ಯಾವ ಕಚೇರಿಯ ಅಪ್ಪಣೆಯೂ ಬೇಡ. ಗಡಿನಾಡಿನ ಕನ್ನಡ ಶಾಲೆಗಳಿಗೂ ನೆರವು ಕೊಡುವ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವಿದೆ. ಸಭೆ, ಸನ್ಮಾನ, ಬ್ಯಾನರುಗಳಿಗೆ ಹೋಗುವ ಹಣದಲ್ಲಿ ಒಂದು ಪಾಲು ತೆಗೆದು ಹತ್ತಾರು ಶಿಕ್ಷಕರನ್ನು ಎರಡು ವಾರ ಕೂರಿಸಿ, ಜೀಕಾಂಪ್ರೀಯ ಚಟುವಟಿಕೆಗಳ ಕನ್ನಡವನ್ನು ಓದಿ ತಿದ್ದಿಸಿ, ಪೆನ್‌ಡ್ರೈವಿಗೆ ಹಾಕಿ ಅಗಳಿ, ರೊಳ್ಳ, ಗುಡಿಬಂಡೆ, ಅಮರಾಪುರದ ಶಾಲೆಗಳಿಗೆ ಕಳಿಸುವ ಕೆಲಸ ಬರುವ ಶಾಲಾ ವರ್ಷದೊಳಗೆ ಆಗಬಹುದು.